ದುರ್ಗದ ದಾರಿಯಲ್ಲೊಂದು ಹಳದಿ ದೀಪ

ಚಿತ್ರದುರ್ಗದ ಕೋಟೆಯನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂಬ ಹಂಬಲವು ನಮ್ಮ ತಾಯಿಯವರಿಗೆ ಬಹುಕಾಲದಿಂದಲೂ ಇದ್ದಿತು. ಮೊಣಕಾಲಿನ ನೋವು ವರ್ಷವರ್ಷಕ್ಕೂ ಹೆಚ್ಚುತ್ತಿದ್ದುದರಿಂದ, ಇನ್ನೂ ತಡಮಾಡಿದರೆ ಆ ಮೆಟ್ಟಿಲುಗಳು ಅವರ ಪಾಲಿಗೆ ಇಲ್ಲವಾಗುವುವೆಂದು ಬಗೆದು, ಮಾಘಮಾಸದ ಒಂದು ಮುಂಜಾನೆ ತಾಯಿಯವರು, ನನ್ನ ಹೆಂಡತಿ ಮತ್ತು ನಾನು ನಮ್ಮ ಹಳೆಯ ಮೋಟಾರಿನಲ್ಲಿ ಬೆಂಗಳೂರನ್ನು ಬಿಟ್ಟು ಹೊರಟೆವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನು ನೋಡಿಕೊಂಡು ದುರ್ಗವನ್ನು ಸೇರುವುದೆಂದು ನಮ್ಮ ಸಂಕಲ್ಪವಾಗಿದ್ದಿತು.

ಹಿರಿಯೂರು ಇನ್ನೇನು ಬಂದಿತೆನ್ನುವಾಗ, ಚಾಲಕನ ಮುಂದಣ ಫಲಕದಲ್ಲಿ ಎಂಜಿನಿನ ಆಕಾರದ ಹಳದಿ ದೀಪವೊಂದು ಹೊತ್ತಿಕೊಂಡಿತು. ಏರಿನಲ್ಲಿ ಗಾಡಿಗೆ ಬಲ ಸಾಲದು. ನಿಲ್ಲಿಸಿದರೆ ಎಂಜಿನು ಜ್ವರ ಬಂದವರಂತೆ ನಡುಗುವುದು. ಊರಿನ ಒಂದು ಗ್ಯಾರೇಜಿನಲ್ಲಿ ವಿಚಾರಿಸಲಾಗಿ, ಅಲ್ಲಿಯ ಯುವಕನು ಸಣ್ಣದೊಂದು ಯಂತ್ರವನ್ನು ಗಾಡಿಗೆ ಜೋಡಿಸಿ, “ಪಿ ೦೦೧೧ ಅಂತ ಬಂದಿದೆ ಸಾರ್. ಕ್ಯಾಮಿನ ಗಾಲಿ ಹೋಗಿದೆ. ಚೈನಿನ ಸಮೇತ ಹೊಸದು ಹಾಕಬೇಕು” ಎಂದನು. ಖರ್ಚು ೪೦ ಸಾವಿರ. ಸಾಮಾನು ಬರಲು ಮೂರು ದಿನ.

“ಹಿಂದಿರುಗೋಣ ಮಗು, ಕೋಟೆ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದರು ತಾಯಿಯವರು. ಓಡಿಹೋಗುತ್ತಿರುವುದು ತಮ್ಮ ಕಾಲಿನ ಶಕ್ತಿಯೆಂಬುದನ್ನು ಅವರೂ ಬಲ್ಲರು, ನಾನೂ ಬಲ್ಲೆ.

ಗಾಡಿಯ ಕೈಪಿಡಿಯನ್ನು ತೆರೆದು ನೋಡಿದೆನು. ಹಳದಿ ದೀಪವು ಮಿಟುಕಿದರೆ ಅಥವಾ ಎಣ್ಣೆಯ ಕೆಂಪು ದೀಪವು ಹೊತ್ತಿದರೆ ಒಡನೆಯೇ ನಿಲ್ಲಿಸತಕ್ಕದ್ದು. ಹಳದಿಯು ಸ್ಥಿರವಾಗಿ ಉರಿಯುತ್ತಿದ್ದರೆ ಮೆಲ್ಲನೆ ಸಾಗಿ ಬೇಗನೆ ತೋರಿಸತಕ್ಕದ್ದು. ನಮ್ಮದು ಸ್ಥಿರವಾಗಿದ್ದಿತು; ಎಣ್ಣೆಯ ಮಟ್ಟವೂ ಗುರುತಿನೊಳಗಿದ್ದಿತು. ಹೊಸದುರ್ಗದಲ್ಲಿ ಇನ್ನೊಬ್ಬರ ಮಾತನ್ನೂ ಕೇಳೋಣವೆಂದು ಮುಂದೆ ಹೊರಟೆವು.

ದಾರಿಯಲ್ಲಿ ವಾಣೀವಿಲಾಸ ಸಾಗರ. ಕಣಿವೆ ಮಾರಮ್ಮನ ಗುಡಿಯಿಂದಾಗಿ ಮಾರಿಕಣಿವೆಯೆಂದೂ ಜನರು ಕರೆಯುವ ಈ ಅಣೆಕಟ್ಟೆಯು ವೇದಾವತಿಗೆ ಅಡ್ಡಲಾಗಿ ೧೯೦೭ ರಲ್ಲಿ ಪೂರ್ಣವಾಯಿತು. ಎರಡು ಗುಡ್ಡಗಳ ನಡುವೆ ನಿಂತ ಕಲ್ಲಿನ ಗೋಡೆಯ ಹಿಂದೆ ಕಣ್ಣು ಹಾಯುವವರೆಗೂ ನೀರು! ೧೯೩೩ ರ ತರುವಾಯ ೮೯ ವರ್ಷಗಳ ಕಾಲ ಕೋಡಿಯನ್ನು ಕಾಣದ ಈ ಜಲಾಶಯವು ೨೦೨೨ ರಲ್ಲಿ ತುಂಬಿ ಹರಿದಾಗ ಈ ಸೀಮೆಯ ಜನರು ಸಂಭ್ರಮಪಟ್ಟುದು ಸಹಜವೇ ಆಗಿದ್ದಿತು.

ಆ ಕಟ್ಟೆಯ ಮೇಲೆ ನಿಂತಾಗ, ನಮ್ಮ ಗಾಡಿಯ ಕಾಯಿಲೆ ಏನೆಂದು ಹೆಂಡತಿ ಕೇಳಿದಳು. ಕಾಲುವೆಯ ತೂಬನ್ನು ಹೊತ್ತಿಗೆ ಸರಿಯಾಗಿ ತೆರೆದರೆ ಪೈರು, ಹೊತ್ತು ತಪ್ಪಿದರೆ ಕೇಡು. ಎಂಜಿನಿನಲ್ಲಿಯೂ ಹೀಗೆಯೇ. ಗಾಳಿಯನ್ನು ಒಳಕ್ಕೆ ಬಿಡುವ, ಹೊಗೆಯನ್ನು ಹೊರಕ್ಕೆ ದೂಡುವ ಕವಾಟಗಳುಂಟು; ಅವುಗಳನ್ನು ಒತ್ತಿ ತೆರೆಯುವುದು ಕ್ಯಾಮೆಂಬ ದಂಡ. ಎಂಜಿನಿನ ಮುಖ್ಯದಂಡವು ಎರಡು ಸುತ್ತು ತಿರುಗುವಷ್ಟರಲ್ಲಿ ಇದು ಒಂದು ಸುತ್ತು ತಿರುಗುವುದು. ಹಿಂದಿನ ಗಾಡಿಗಳಲ್ಲಿ ಕವಾಟ ತೆರೆಯುವ ಹೊತ್ತು ಎಂದೆಂದಿಗೂ ಒಂದೇ. ಆದರೆ ನಿಧಾನಕ್ಕೆ ಒಪ್ಪುವ ಹೊತ್ತು ವೇಗಕ್ಕೆ ಒಪ್ಪದು. ಆದುದರಿಂದ ಈಗಿನ ಗಾಡಿಗಳಲ್ಲಿ ಕ್ಯಾಮಿನ ಗಾಲಿಯೊಳಗೆ ಸಣ್ಣ ಕೋಣೆಗಳನ್ನು ಮಾಡಿ, ಎಂಜಿನಿನ ಎಣ್ಣೆಯನ್ನೇ ಒತ್ತಡದಿಂದ ಅಲ್ಲಿಗೆ ಹಾಯಿಸುವರು. ಒಂದು ಕೋಣೆಗೆ ನುಗ್ಗಿದರೆ ಹೊತ್ತು ಮುಂದಕ್ಕೆ, ಇನ್ನೊಂದಕ್ಕೆ ನುಗ್ಗಿದರೆ ಹಿಂದಕ್ಕೆ. ಎಣ್ಣೆಯ ಈ ದಾರಿಯನ್ನು ಕಾಯುವುದು ವಿದ್ಯುತ್ತಿನಿಂದ ಚಲಿಸುವ ಬೆರಳುದ್ದದ ಒಂದು ತೂಬು. ಗಾಡಿಯ ಗಣಕವು ಬೇಕಾದ ಹೊತ್ತನ್ನೂ ಇರುವ ಹೊತ್ತನ್ನೂ ಹೋಲಿಸಿ ನೋಡುತ್ತಿರುವುದು. ನಮ್ಮ ಗಾಡಿಯಲ್ಲಿ ಕ್ಯಾಮು ಬೇಕಾದುದಕ್ಕಿಂತ ಮುಂದಕ್ಕೆ ಹೋಗಿ ಅಲ್ಲಿಯೇ ನಿಂತಿದೆಯೆಂಬುದೇ ಆ ಅಂಕಿಯ ಅರ್ಥ.

ಹೊಸದುರ್ಗವನ್ನು ಸೇರುವಾಗ ಮಧ್ಯಾಹ್ನವಾಗಿದ್ದಿತು. ಬೇವಿನ ಮರದ ಕೆಳಗಿನ ಒಂದು ಶೆಡ್ಡಿನಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ನಮ್ಮ ಕಥೆಯೆಲ್ಲವನ್ನೂ ಕೇಳಿ, “ಸ್ವಾಮಿ, ಆ ನಂಬರು ನೋವು ಎಲ್ಲೈತೆ ಅಂತ ಹೇಳ್ತದೆ, ಯಾಕೆ ಅಂತ ಹೇಳಲ್ಲ. ಮೊದಲು ಎಣ್ಣೆ ನೋಡಾಣ” ಎಂದರು. ಅಳತೆಯ ಕಡ್ಡಿಯನ್ನು ಎಳೆದು ಬೆರಳಿಗೆ ಹಚ್ಚಿಕೊಂಡು ತೋರಿಸಿದರು. ಮಟ್ಟವೇನೋ ಸರಿ; ಆದರೆ ಎಣ್ಣೆಯು ಕಾಡಿಗೆಯಂತೆ ಕಪ್ಪಾಗಿ, ಕಾಕಂಬಿಯಂತೆ ಮಂದವಾಗಿದ್ದಿತು. ನಮ್ಮ ಗಾಡಿಗೆ ಹೇಳಿದುದು ತೆಳುವಾದ ೫-ಡಬ್ಲ್ಯು-೩೦. ಹಿಂದಿನ ಸಲ ಅವಸರದಲ್ಲಿ ನಾನು ಹಾಕಿಸಿದುದು ೨೦-ಡಬ್ಲ್ಯು-೫೦. ಬದಲಿಸುವ ಕಾಲವೂ ಮೀರಿದ್ದಿತು. ನಾನು ತಲೆ ತಗ್ಗಿಸಿದೆನು.

ಬಳಿಕ ಅವರು ತಂತಿಗಳನ್ನು ಪರೀಕ್ಷಿಸಿ, ಆ ಸಣ್ಣ ತೂಬನ್ನು ಬಿಚ್ಚಿದರು. ಅದರ ಬಾಯಿಯ ಜಾಲರಿಯು ಕಪ್ಪು ಗಸಿಯಿಂದ ಮುಚ್ಚಿಹೋಗಿದ್ದಿತು. ಮೀಟರಿಟ್ಟು ನೋಡಲಾಗಿ ಸುರುಳಿಯು ನೆಟ್ಟಗಿದ್ದಿತು. ಬ್ಯಾಟರಿಯ ತಂತಿಯನ್ನು ಒಂದು ಕ್ಷಣ ಮುಟ್ಟಿಸಿದರೆ ‘ಟಿಕ್’ ಎನ್ನಬೇಕಾದುದು, ಅರ್ಧ ಸರಿದು ಅಲ್ಲಿಯೇ ಸಿಕ್ಕಿಕೊಂಡಿತು. ತೊಳೆದು ಮತ್ತೆ ಮುಟ್ಟಿಸಿದಾಗ ‘ಟಿಕ್, ಟಿಕ್’ ಎಂದು ಸ್ಪಷ್ಟವಾಗಿ ನುಡಿಯಿತು. ಹೊಸ ಎಣ್ಣೆ, ಹೊಸ ಫಿಲ್ಟರು ಹಾಕಿ, ಗಣಕದ ನೆನಪನ್ನು ಅಳಿಸಿದರು. ಎಲ್ಲವೂ ಸೇರಿ ೪ ಸಾವಿರದೊಳಗೆ ಮುಗಿಯಿತು.

“ಆ ಹುಡುಗ ಸುಳ್ಳು ಹೇಳಿದನೇ?” ಎಂದು ಕೇಳಿದೆನು.

“ಹಂಗಂತೀರಾ? ಅವನು ಹೇಳಿದ್ದೂ ಆಗಿರಬಹುದು. ಇವತ್ತು ರಾತ್ರಿ ಗಾಡಿ ಪೂರಾ ತಣ್ಣಗಾಗಲಿ. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಎಂಜಿನಿನ ಮುಂಭಾಗದಲ್ಲಿ ಒಂದೆರಡು ಗಳಿಗೆ ‘ಗರಗರ’ ಅಂದರೆ ಗಾಲಿ ಸವೆದದೆ, ಇಲ್ಲಾ ಚೈನು ಸಡಿಲಾಗಿದೆ. ಆಗ ಅವನ ಮಾತೇ ಸರಿ. ಪಿ ೦೦೧೬ ಅಂತ ಬಂದರೂ ಚೈನಿನ ಕಡೆ ನೋಡಿಸಿ. ಇವತ್ತೇ ಗೆದ್ದೆವು ಅನ್ನಬೇಡಿ.”

ಹೊಳಲ್ಕೆರೆಯ ದಾರಿಯಲ್ಲಿ ಗಾಡಿಯು ಏರುಗಳನ್ನು ಅನಾಯಾಸವಾಗಿ ಹತ್ತಿತು, ದೀಪವು ಹೊತ್ತಲಿಲ್ಲ. ಮೇಲೆ ಚಾವಣಿಯಿಲ್ಲದೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತ ಅಲ್ಲಿಯ ದೊಡ್ಡ ಬಯಲು ಗಣಪತಿಯ ಮುಂದೆ ತಾಯಿಯವರು ಬಹಳ ಹೊತ್ತು ಕೈಮುಗಿದು ನಿಂತಿದ್ದರು. ವಿಘ್ನವನ್ನು ಕಳೆದವನು ಇವನೋ ಹೊಸದುರ್ಗದ ಮೇಸ್ತ್ರಿಯೋ ಎಂಬ ವಾದವನ್ನು ನಾನು ಎತ್ತಲಿಲ್ಲ.

ಆ ರಾತ್ರಿ ಚಿತ್ರದುರ್ಗದಲ್ಲಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬೆಳಗಿನ ಚಳಿಯಲ್ಲಿ ಎದ್ದು ಹೋಗಿ, ಹೆಂಡತಿಯನ್ನು ತೆರೆದ ಮುಚ್ಚಳದ ಬಳಿ ಕಿವಿಗೊಟ್ಟು ನಿಲ್ಲಲು ಹೇಳಿ, ಕೀಲಿಯನ್ನು ತಿರುಗಿಸಿದೆನು. ಎಂಜಿನು ಒಂದೇ ಉಸಿರಿಗೆ ಎದ್ದು, ಸಮನಾಗಿ ಗುನುಗತೊಡಗಿತು. “ಏನೂ ಸದ್ದಿಲ್ಲ” ಎಂದು ಅವಳು ಕೈಯಾಡಿಸಿದಳು.

ಅಂದು ತಾಯಿಯವರು ಏಳು ಸುತ್ತಿನ ಕೋಟೆಯನ್ನು ನಿಂತು ನಿಂತು ಹತ್ತಿದರು. ೧೭೭೯ ರಲ್ಲಿ ಹೈದರಾಲಿಯ ಕೈಸೇರಿದ ಆ ಮದಕರಿ ನಾಯಕನ ದುರ್ಗದಲ್ಲಿ, ಓಬವ್ವನ ಕಿಂಡಿಯ ಮುಂದೆ ಕುಳಿತು ಕಣ್ಣೊರಸಿಕೊಂಡರು. ನನ್ನ ಮನಸ್ಸು ಮಾತ್ರ ಗೋಪಾಲಸ್ವಾಮಿ ಹೊಂಡದ ಬಳಿ ನಿಂತುಬಿಟ್ಟಿತು. ಬಂಡೆಗಳ ಮೇಲೆ ಬಿದ್ದ ಮಳೆಯನ್ನು ಇಲ್ಲಿ ಹಿಡಿದು, ಹೆಚ್ಚಾದುದನ್ನು ಅಕ್ಕತಂಗಿಯರ ಹೊಂಡಕ್ಕೆ ಹರಿಸಿ, ಹೀಗೆ ಒಂದರಿಂದ ಒಂದಕ್ಕೆ ಕೆಳಗಿನ ಊರಿನವರೆಗೂ ನೀರನ್ನು ಇಳಿಸಿದ ಹಿರಿಯರ ಜಾಣ್ಮೆ ಎಷ್ಟು ದೊಡ್ಡದು! ನಡುವಣ ದಾರಿಯಲ್ಲಿ ಹೂಳು ತುಂಬಿದರೆ ಕೆಳಗಿನ ಹೊಂಡವು ಬತ್ತುವುದು. ಆಗ ಬತ್ತಿದ ಹೊಂಡವನ್ನು ಒಡೆದು ಹೊಸದಾಗಿ ಕಟ್ಟಹೊರಡುವವನು ಜಾಣನಲ್ಲ. ದಾರಿಯ ಹೂಳನ್ನು ಮೊದಲು ತೆಗೆಯುವವನೇ ಜಾಣ.

ಇಳಿದು ಬಂದ ಮೇಲೆ ತಾಯಿಯವರು ಕಾಲು ನೀವಿಕೊಳ್ಳುತ್ತ, “ಬಂದದ್ದು ಒಳ್ಳೆಯದಾಯಿತು” ಎಂದರು. ಗಾಡಿಗೆ ಎಣ್ಣೆ ಬದಲಿಸಬೇಕಾದ ಮುಂದಿನ ದಿನವನ್ನು ನಾನು ಮನೆಯ ಪಂಚಾಂಗದಲ್ಲಿಯೇ ಬರೆದಿಟ್ಟಿದ್ದೇನೆ.