ಕೇಳುವ ಆಟ

ಹಿಟ್ಲರನ ಜರ್ಮನಿ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. ಅವರಲ್ಲಿ ಸುಮಾರು 15 ಲಕ್ಷ ಮಂದಿ ಮಕ್ಕಳು. ಈ ಸಂಗತಿಯನ್ನು ಎಳೆಯರಿಗೆ ಆಟದ ಮೂಲಕ ಕಲಿಸುತ್ತಾರೆ ಎಂದರೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನದೆ ಇದ್ದೀತೆ? ಇದೇನು ಮಕ್ಕಳಾಟವೇ?

ಅಳುಕಿಗೆ ಕಾರಣವೂ ಇದೆ. 1930ರ ದಶಕದ ಕೊನೆಯಲ್ಲಿ ಡ್ರೆಸ್ಡೆನ್ ನಗರದ ಒಂದು ಕಂಪನಿ ಆಟದ ಪಟವೊಂದನ್ನು ಮಾರಾಟಕ್ಕೆ ತಂದಿತ್ತು. ದಾಳ ಉರುಳಿಸುತ್ತ ಯಹೂದಿಗಳನ್ನು ಊರಾಚೆ ಅಟ್ಟಬೇಕು; ಮೊದಲು ಆರು ಜನರನ್ನು ಅಟ್ಟಿದವರು ಗೆದ್ದಂತೆ. ಅದರ ಒಂದು ಪ್ರತಿ ಲಂಡನ್ನಿನ ವೀನರ್ ಗ್ರಂಥಾಲಯದಲ್ಲಿದೆ. ದ್ವೇಷವನ್ನೂ ಆಟದಲ್ಲಿ ಬೆರೆಸಿ ಉಣಿಸಬಹುದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಅದೇ ಆಟವನ್ನು ಕಣ್ತೆರೆಸಲು ಬಳಸಿದವರೂ ಇದ್ದಾರೆ. 2009ರಲ್ಲಿ ಅಮೆರಿಕದ ಬ್ರೆಂಡಾ ರೊಮೆರೊ 'ಟ್ರೇನ್' ಎಂಬ ಆಟ ರಚಿಸಿದರು. ಹಳದಿ ಬಣ್ಣದ ಪುಟ್ಟ ಗೊಂಬೆಗಳನ್ನು ಗೂಡ್ಸ್ ಡಬ್ಬಿಗಳಲ್ಲಿ ತುಂಬಿ ಸಾಗಿಸಬೇಕು. ಕೊನೆಯ ನಿಲ್ದಾಣ ಮುಟ್ಟಿ ಚೀಟಿ ತಿರುಗಿಸಿದರೆ ಕಾಣುವುದು ಆಷ್‌ವಿಟ್ಸ್‌ನಂಥ ಶಿಬಿರದ ಹೆಸರು! ಚಪ್ಪಾಳೆಗೆ ಎತ್ತಿದ ಕೈ ಅಲ್ಲೇ ನಿಲ್ಲಬೇಕು. ಎಲ್ಲಿಗೆಂದು ವಿಚಾರಿಸದೆ ಡಬ್ಬಿ ತುಂಬಿದ್ದು ನಮ್ಮದೇ ಕೈ ಅಲ್ಲವೇ?

ಆದರೆ ನನಗೆ ಹೆಚ್ಚು ಹಿಡಿಸಿದ್ದು ಪ್ರೇಗ್ ನಗರದ 'ಅಟೆಂಟಾಟ್ 1942'. ಚಾರ್ಲ್ಸ್ ವಿಶ್ವವಿದ್ಯಾಲಯ ಮತ್ತು ಚೆಕ್ ವಿಜ್ಞಾನ ಅಕಾಡೆಮಿ ಕೂಡಿ 2017ರಲ್ಲಿ ಹೊರತಂದ ಕಂಪ್ಯೂಟರ್ ಆಟ. ಯಹೂದಿಗಳ ಸಂಹಾರವನ್ನು ಯೋಜಿಸಿದ ಪ್ರಮುಖರಲ್ಲೊಬ್ಬ ಹೈಡ್ರಿಷ್. ಅವನ ಮೇಲೆ 1942ರಲ್ಲಿ ಪ್ರೇಗ್‌ನಲ್ಲಿ ದಾಳಿ ನಡೆಯಿತು. ಆಮೇಲೆ ತಾತನನ್ನು ನಾಜಿ ಪೊಲೀಸರು ಹಿಡಿದೊಯ್ದದ್ದೇಕೆ? ಆಡುವವರು ಮೊಮ್ಮಗುವಾಗಿ ಅಜ್ಜಿಯನ್ನು, ಆ ಕಾಲ ಕಂಡ ಹಿರಿಯರನ್ನು ಕೇಳುತ್ತ ಹೋಗಬೇಕು. ಮಾತು ಒರಟಾದರೆ ಅವರು ಬಾಯಿ ಮುಚ್ಚಿಬಿಡುತ್ತಾರೆ. ಗುಂಡು ಹಾರಿಸುವುದಿಲ್ಲ, ಯಾರನ್ನೂ ಸೋಲಿಸುವುದಿಲ್ಲ.

ವಾಷಿಂಗ್ಟನ್ನಿನ ಹಾಲೊಕಾಸ್ಟ್ ವಸ್ತುಸಂಗ್ರಹಾಲಯ ಶಿಕ್ಷಕರಿಗೆ ಒಂದು ಎಚ್ಚರಿಕೆ ಕೊಡುತ್ತದೆ: ನೊಂದವರ ಪಾತ್ರವನ್ನು ಮಕ್ಕಳಿಂದ ಆಡಿಸಬೇಡಿ. ಸರಿಯಾದ ಮಾತು. ಹಸಿದವರ ವೇಷ ಹಾಕಿದ ಮಾತ್ರಕ್ಕೆ ಹಸಿವು ತಿಳಿದೀತೇ? ನೊಂದವರಂತೆ ನಟಿಸುವುದು ಬೇರೆ, ನೊಂದವರ ಎದುರು ಕುಳಿತು ಕೇಳುವುದು ಬೇರೆ. ನಮ್ಮ ಕನ್ನಡದಲ್ಲಂತೂ ಪ್ರಶ್ನೆ ಹಾಕುವುದಕ್ಕೂ ಕಿವಿಗೊಡುವುದಕ್ಕೂ 'ಕೇಳು' ಎಂಬ ಒಂದೇ ಮಾತು. ಪ್ರೇಗ್‌ನ ಆಟ ಕಲಿಸುವುದು ಎರಡನ್ನೂ.

ಶಿಬಿರಗಳಿಂದ ಬದುಕಿ ಬಂದವರು ಈಗ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಗೆಲ್ಲುವುದನ್ನು ಕಲಿಸಲು ಲೋಕದಲ್ಲಿ ಸಾವಿರ ಆಟಗಳಿವೆ. ಮೆಲ್ಲಗೆ ಕೇಳುವುದನ್ನು ಕಲಿಸಲು ಒಂದೆರಡಾದರೂ ಇರಲಿ.