ಉಸುಕಿನ ಹಕ್ಕಿ, ಹಿನ್ನೀರಿನ ಹಕ್ಕಿ

ಕೋರ್ತಿ–ಕೊಲ್ಹಾರ ಸೇತುವೆಯ ಮೇಲೆ ಬೈಕ್ ನಿಲ್ಲಿಸಿ ಕ್ಯಾಮೆರಾ ಹಿಡಿದಿದ್ದ ತಂಗಿಯ ಮಗ ಕೇಳಿದ: “ಮಾಮಾ, ಈ ಸಮುದ್ರದ ಹಕ್ಕಿ ಮೊದಲಿಂದಾನೂ ನಮ್ಮ ಕಡೆ ಬರತಿದ್ದುವೇನು?” ಇಲ್ಲಪ್ಪಾ ಎಂದೆ. “ಮತ್ತ ಆವಾಗ ಏನಿತ್ತು ಇಲ್ಲೆ?” ಎಂದ. ಆ ಗಾಳಿಯಲ್ಲಿ ನಿಂತು ಕೂಗಿ ಹೇಳುವಂಥ ಉತ್ತರ ಅದಲ್ಲ.

ಈಗ ಆ ಸೇತುವೆಯ ಮೇಲೆ ನಿಂತರೆ ಬೀಳಗಿ ತಾಲ್ಲೂಕು ಎಲ್ಲಿ ಮುಗಿಯಿತು, ವಿಜಯಪುರ ಜಿಲ್ಲೆ ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ನೀರು. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್ ತುಂಬಿ, ಸೀಗಿ ಹುಣ್ಣಿಮೆ ಕಳೆದು ಮೂಡಗಾಳಿ ಎದ್ದಿತೆಂದರೆ ಎರೆಮಣ್ಣಿನ ದಂಡೆಗೆ ತೆರೆ ಬಂದು ಬಡಿಯುತ್ತದೆ, ನೊರೆ ಕಟ್ಟುತ್ತದೆ. ಕಾರವಾರಕ್ಕೆ ಹೋದಾಗ ನೋಡಿದ್ದ ಕಡಲಕ್ಕಿಗಳು ಆ ಗಾಳಿಗೆ ಎದೆಯೊಡ್ಡಿ, ರೆಕ್ಕೆ ಬಡಿಯದೆ, ನಿಂತಲ್ಲೇ ನಿಲ್ಲುತ್ತವೆ. ಮೀನಿನ ದೋಣಿ ಬಲೆ ಎಳೆದರೆ ಕಿರುಚಾಡುತ್ತ ಇಳಿಯುತ್ತವೆ. ಪುಸ್ತಕದಲ್ಲಿ ಇದರ ಹೆಸರು ಕಂದು ತಲೆಯ ಕಡಲಕ್ಕಿ. ನಮ್ಮಲ್ಲಿಗೆ ಬರುವಾಗ ಮಾತ್ರ ತಲೆ ಬೆಳ್ಳಗಿರುತ್ತದೆ, ಕಣ್ಣಿನ ಹಿಂದೆ ಕಾಡಿಗೆ ಬೆರಳು ತಾಗಿದಂತೆ ಒಂದು ಮಚ್ಚೆ. ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನೊಳಗೆ ಬಿಳಿ ಚುಕ್ಕೆ. ಮರಿ ಮಾಡುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಹಿಮ ಬೀಳುವ ಮುಂಚೆ ಕೆಳಗಿಳಿದು, ಅಗಲವಾದ ನೀರು ಕಂಡಲ್ಲಿ ಚಳಿಗಾಲ ಕಳೆಯುತ್ತದೆ. ಅದಕ್ಕೆ ಕಡಲೇ ಆಗಬೇಕೆಂದಿಲ್ಲ, ಮುಳುಗಿದ ಊರಾದರೂ ಆದೀತು.

ನಾನು ಹುಡುಗನಿದ್ದಾಗ ಜಮಖಂಡಿ ಸೀಮೆಯ ಹೊಳೆಸಾಲಿನಲ್ಲಿ ಶಿವರಾತ್ರಿ ಕಳೆದ ಮೇಲೆ ಹೊಳೆಯೆಂದರೆ ಉಸುಕು. ನೀರು ಒಂದು ಮಗ್ಗುಲಿಗೆ ಸರಿದುಕೊಂಡು ಹರಿಯುತ್ತಿತ್ತು. ಉಳಿದದ್ದರಲ್ಲಿ ಕಲ್ಲಂಗಡಿ ಬಳ್ಳಿ, ಸವತಿ ಬಳ್ಳಿ. ನಡುಗಡ್ಡೆಯ ಬರಿ ಉಸುಕಿನ ಮೇಲೆ ಹೊಳೆಯ ಸ್ವಂತ ಹಕ್ಕಿ. ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಸೀಳು ಬಾಲ. ಪಕ್ಷಿ ಬಲ್ಲವರು ನದಿ ರೀವ ಎನ್ನುತ್ತಾರೆ. ನಾವು ಹೊಳಿ ಹಕ್ಕಿ ಎನ್ನುತ್ತಿದ್ದೆವು, ಅಷ್ಟೆ.

ಅದನ್ನು ನನಗೆ ತೋರಿಸಿಕೊಟ್ಟವನು ಅಂಬಿಗರ ಮುತ್ಯಾ. ಹೆಸರು ಏನೋ ಇತ್ತು, ಯಾರೂ ಕರೆಯುತ್ತಿರಲಿಲ್ಲ. ಆತನ ಹರಗೋಲಿನ ಬಿದಿರ ಹೆಣಿಗೆಗೆ ಎಮ್ಮೆಯ ಚರ್ಮ ಬಿಗಿದಿರುತ್ತಿತ್ತು. ಬಿಸಿಲಿಗೆ ಬೋರಲು ಹಾಕಿ ಒಣಗಿಸುವಾಗ ಹಸಿ ಚರ್ಮ, ಮೀನಿನ ಪೊರೆ, ಎಣ್ಣೆ, ಪಾಚಿ ಎಲ್ಲ ಸೇರಿ ಒಂದು ನಾತ ಏಳುತ್ತಿತ್ತು. ಮೊದಮೊದಲು ಮೂಗು ಮುಚ್ಚಿಕೊಳ್ಳಬೇಕು. ಆಮೇಲೆ ಅದಿಲ್ಲದಿದ್ದರೆ ಹೊಳೆಗೆ ಬಂದಂತೆಯೇ ಅಲ್ಲ. ಮುಂದೆ ಚರ್ಮ ಹೋಗಿ ತಾಡಪಲ್ ಬಂತು, ಡಾಂಬರು ಬಂತು. ಆ ನಾತ ಮತ್ತೆಲ್ಲೂ ನನ್ನ ಮೂಗಿಗೆ ಬಿದ್ದಿಲ್ಲ.

ಮುತ್ಯಾನ ಕಲಿಸುವ ಬಗೆಯೆಂದರೆ ಬಾಯಿ ಮುಚ್ಚಿಸುವುದು. ನಡುಗಡ್ಡೆಗೆ ಹಚ್ಚಿ, ಹರಗೋಲಿನ ನೆರಳಿಗೆ ಕೂರಿಸಿ, ತಾನು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ. ಹಕ್ಕಿಗಳು ತಲೆಯ ಮೇಲೆ ಕೂಗಾಡಿ ದಣಿದು ಇಳಿಯುತ್ತಿದ್ದವು. ಗೂಡೆಂದು ಏನೂ ಇಲ್ಲ, ಉಸುಕಿನಲ್ಲಿ ಎದೆಯಿಂದ ಒತ್ತಿ ಮಾಡಿದ ತಗ್ಗು. ಅದರೊಳಗೆ ಉಸುಕಿನದೇ ಬಣ್ಣದ, ಕಂದು ಕಲೆಯ ಎರಡೋ ಮೂರೋ ತತ್ತಿ. ಮಧ್ಯಾಹ್ನ ಬರಿಗಾಲು ಊರಲಾಗದ ಉಸುಕು ಅದು. ತತ್ತಿ ಬೇಯುವುದಿಲ್ಲವೇ ಎಂದು ಕೇಳಿದೆ. ಆತ ಗದ್ದ ಎತ್ತಿ ತೋರಿಸಿದ. ಹಕ್ಕಿಯೊಂದು ನೀರಿಗೆ ಹೊಟ್ಟೆ ತಾಗಿಸಿ ತಾಗಿಸಿ ಹಾರಿ, ಒದ್ದೆ ಗರಿಯಲ್ಲೇ ಬಂದು ತತ್ತಿಯ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ನೀರಿಗೆ ಹೋಯಿತು. ಸಲೀಂ ಅಲಿಯವರ ಪುಸ್ತಕ ನನ್ನ ಕೈಗೆ ಬಂದದ್ದು ನೌಕರಿ ಹತ್ತಿದ ಮೇಲೆ. ಅದರೊಳಗಿನ ಚಿತ್ರ ನೋಡಿದಾಗ ನನಗೆ ಕಂಡದ್ದು ಆ ಒದ್ದೆ ಹೊಟ್ಟೆ.

ದಾಟಿಸಿದ್ದಕ್ಕೆ ಆಗ ರೊಕ್ಕ ಕೊಡುವ ರೂಢಿ ಕಡಿಮೆ. ರಾಶಿಯ ಹೊತ್ತಿಗೆ ಮುತ್ಯಾ ಕಣಕ್ಕೆ ಬಂದು ಆಯದ ಜೋಳ ತುಂಬಿಸಿಕೊಳ್ಳುತ್ತಿದ್ದ. ಒಂದು ವರ್ಷ ಚೀಲ ಹೆಗಲಿಗೇರಿಸದೆ ನಿಂತೇಬಿಟ್ಟ.

“ಯವ್ವಾ, ಇದು ದಾಟಿಸಿದ ಆಯ ಆತು. ನಿಮ್ಮ ಹುಡುಗಗ ಬ್ಯಾಸಗಿ ಪೂರ್ತಿ ಹಕ್ಕಿ ತೋರಿಸೇನಿ. ಅದರದು?”

“ಹಕ್ಕಿ ಏನು ನಿನ್ನುವೇನು?” ಎಂದಳು ಅಜ್ಜಿ.

“ಹೊಳಿನೂ ನಂದಲ್ಲ. ಅದನ್ನ ದಾಟಸಾಕ ಜ್ವಾಳ ಕೊಡತೀರಲ್ಲ?”

ಅಜ್ಜಿ ಎರಡು ಬೊಗಸೆ ಹಾಕಿದಳು. ಆತ ಮೂರಕ್ಕೆ ಪಟ್ಟು ಹಿಡಿದ. ಎರಡು ಬೊಗಸೆ ಜೋಳ, ಒಂದು ಹಿಡಿ ಕಡಲೆಗೆ ಇತ್ಯರ್ಥವಾಯಿತು. ನಮ್ಮ ಸೀಮೆಯಲ್ಲಿ ಹಕ್ಕಿ ತೋರಿಸಿ ಕೂಲಿ ಪಡೆದವರಲ್ಲಿ ಆತನೇ ಮೊದಲಿಗನಿರಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸುಳ್ಳಾಗುತ್ತದೆ. ಆ ತತ್ತಿಗಳನ್ನು ನಾವು ತಿನ್ನುತ್ತಿದ್ದೆವು. ಮೂರಿದ್ದಲ್ಲಿ ಒಂದನ್ನು ಮಾತ್ರ ಎಂಬುದು ಮುತ್ಯಾನ ಕಟ್ಟಳೆ, ಆತನ ಬೆನ್ನ ಹಿಂದೆ ಅದು ನಡೆಯುತ್ತಿರಲಿಲ್ಲ. ಇನ್ನು ಆ ಚೆಂದದ ಉಸುಕಿದೆಯಲ್ಲ, ಅದರಲ್ಲೇ ನಮ್ಮ ತಾಯಂದಿರು ವರ್ತಿ ತೋಡಿ, ಚರಿಗೆಯಿಂದ ಮೊಗೆದು ಕೊಡ ತುಂಬಿಸುತ್ತಿದ್ದರು. 1972ರ ಬರದಲ್ಲಿ ವರ್ತಿಯೂ ಬತ್ತಿತು. ಹಕ್ಕಿಗೆ ನೆಲೆಯಾದ ಉಸುಕು ನಮಗೆ ನೀರಡಿಕೆಯಾಗಿತ್ತು.

ಅದಕ್ಕೇ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರೇ ರೊಕ್ಕ ಹಾಕಿ, ಮೈಮುರಿದು ದುಡಿದು ಬ್ಯಾರೇಜ್ ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಸರ್ಕಾರದ ಬಾಗಿಲು ಕಾಯದೆ ಕಟ್ಟಿದ್ದಕ್ಕೆ ದೇಶವೇ ತಿರುಗಿ ನೋಡಿತು. 1991ರ ಲೋಕಸಭಾ ಚುನಾವಣೆಯಲ್ಲಿ ನ್ಯಾಮಗೌಡರು ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಬ್ಯಾರೇಜಿಗೆ ನಮ್ಮಪ್ಪ ಎತ್ತು ಮಾರಿ ತನ್ನ ಪಾಲು ಕೊಟ್ಟಿದ್ದ. ಅದರ ಮೇಲಿನ ನೀರಿಗೆ ನಮ್ಮ ಹೊಲ ಕಬ್ಬಾಯಿತು, ಮನೆ ಆರ್‌ಸಿಸಿ ಆಯಿತು. ಬ್ಯಾರೇಜಿನ ಹಿಂದಿನ ನಡುಗಡ್ಡೆ ಮುಳುಗಿದ್ದನ್ನು ಆ ವರ್ಷ ಯಾರೂ ಗಮನಿಸಲಿಲ್ಲ. ನಾನೂ ಪೇಢೆ ಹಂಚುವುದರಲ್ಲಿದ್ದೆ.

ಮೇಲೆ ರಬಕವಿ–ಬನಹಟ್ಟಿ ಕಡೆ ಹಿಪ್ಪರಗಿ ಬ್ಯಾರೇಜ್ ಬಂತು. ಮುಧೋಳದ ಕಡೆ ಘಟಪ್ರಭೆಯ ಕಾಲುವೆ ಹರಿಯಿತು, ಸಕ್ಕರೆ ಕಾರ್ಖಾನೆಗಳ ಚಿಮಣಿ ಎದ್ದವು. ಮುಧೋಳದ ಬೇಟೆನಾಯಿಗೆ ಈಗ ದೇಶದಲ್ಲೆಲ್ಲ ಹೆಸರಿದೆ, ಅದು ಮೊಲದ ಹಿಂದೆ ಓಡಿದ ಬಯಲು ಮಾತ್ರ ಕಬ್ಬು. ಬಯಲಿನ ನೆಲಗುಬ್ಬಿ, ಬುರ್ಲಿ ಹಕ್ಕಿ ಸರಿದುಹೋದವು. ಬೆಳ್ಳಕ್ಕಿ, ಗೀಜುಗ ಸೇರಿದವು. ಉಳಿದ ಮಡ್ಡಿಯಲ್ಲಿ ಚಿಂಕಾರಕ್ಕಾದರೂ 2016ರಲ್ಲಿ ಯಡಹಳ್ಳಿ ಅಭಯಾರಣ್ಯ ದಕ್ಕಿತು.

ಎಲ್ಲಕ್ಕಿಂತ ದೊಡ್ಡ ನೀರು ಆಲಮಟ್ಟಿಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಅಣೆಕಟ್ಟು ನಮ್ಮ ಮದುವೆ, ಮಕ್ಕಳು ಎಲ್ಲ ಆಗುವವರೆಗೂ ಬರುತ್ತಲೇ ಇತ್ತು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಎಂದಿತು. ಬೀಳಗಿ ತಾಲ್ಲೂಕಿನ ಹೊಳೆಸಾಲಿನ ಊರುಗಳು ಗುಡಿಯ ದೇವರನ್ನೂ ಬಾಗಿಲ ಚೌಕಟ್ಟನ್ನೂ ಟ್ರ್ಯಾಕ್ಟರಿಗೆ ಹೇರಿಕೊಂಡು ಮಡ್ಡಿ ಹತ್ತಿದವು. ನೀರು ನಿಂತ ಮೇಲೆಯೇ ಕಡಲಕ್ಕಿ ಬಂದದ್ದು. ಮೀಸೆ ರೀವ ಬಂತು, ಪಟ್ಟೆತಲೆಯ ಹೆಬ್ಬಾತು ಬಂತು. ಎಲ್ಲರ ಬಾಯಲ್ಲೂ ಇರುವ ರಾಜಹಂಸವೂ ಬಂತು. ಆದರೆ ಅದು ಕಾರ್ತಿಕದ ಹಕ್ಕಿಯಲ್ಲ. ಉದ್ದ ಕಾಲಿದ್ದರೂ ಅದಕ್ಕೆ ಕೆಸರು ಬೇಕು. ನೀರು ಸರಿಯುತ್ತ ಬಂದು ತೆಳ್ಳಗಾದ ಮೇಲೆ ತಲೆ ಕೆಳಗೆ ಮಾಡಿ ಕೆಸರು ಸೋಸಿ ತಿನ್ನುತ್ತದೆ. ಅದೇ ಕೆಸರಿಗೆ ಹಳೇ ಮಾಲೀಕನೂ ಕಾಯುತ್ತಿರುತ್ತಾನೆ. ಪರಿಹಾರ ತೆಗೆದುಕೊಂಡು ಬಿಟ್ಟುಕೊಟ್ಟ ತನ್ನದೇ ಹೊಲ ಬೇಸಿಗೆಗೆ ತೆರೆದುಕೊಂಡಾಗ ಕೂರಿಗೆ ತಂದು ಬಿತ್ತುತ್ತಾನೆ. ಹಂಸ ಒಂದು ಕಡೆ, ಕೂರಿಗೆ ಒಂದು ಕಡೆ. ಇಬ್ಬರನ್ನೂ ಅಲ್ಲಿಂದ ಎಬ್ಬಿಸುವ ಮನಸ್ಸು ನನಗಿಲ್ಲ.

ಎಬ್ಬಿಸಬೇಕಾದವರು ಬೇರೆ ಇದ್ದಾರೆ. ಭಾನುವಾರ ಬರುವ ಕಾರುಗಳವರು. ಹಕ್ಕಿ ಕೂತಿದ್ದರೆ ಇವರಿಗೆ ಫೋಟೋ ಅಲ್ಲ, ಎದ್ದು ಹಾರಬೇಕು, ಅದೂ ಇಡೀ ಹಿಂಡು, ಅದೂ ಸೂರ್ಯನ ಎದುರಿಗೆ. ದೋಣಿಯವನ ಕೈಗೆ ನೋಟು ತುರುಕಿ ಹಿಂಡಿನೊಳಕ್ಕೇ ನುಗ್ಗಿಸುತ್ತಾರೆ, ತಲೆಯ ಮೇಲೆ ಡ್ರೋನ್ ಬಿಡುತ್ತಾರೆ. ಸಾವಿರ ಮೈಲಿ ಹಾರಿ ಬಂದು ಮೈಗೆ ಕೊಬ್ಬು ಕೂಡಿಸಿಕೊಳ್ಳುತ್ತಿರುವ ಹಕ್ಕಿಯನ್ನು ಅರ್ಧ ನಿಮಿಷದ ರೀಲಿಗಾಗಿ ಓಡಿಸುತ್ತಾರೆ. ಕ್ಯಾಮೆರಾದ ಬೆಲೆ ಕೇಳಿದರೆ ನಮ್ಮ ಟ್ರ್ಯಾಕ್ಟರಿನ ಟ್ರಾಲಿ ಬರುತ್ತದೆ. ಮುಳುಗಿದ ಊರಿನ ಹೆಸರು ಕೇಳಿ ನೋಡಿ, ಒಬ್ಬನಿಗೂ ಗೊತ್ತಿಲ್ಲ. ತಂಗಿಯ ಮಗ ಇದನ್ನು ಓದಿ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಈಗ ಆಲಮಟ್ಟಿಯಲ್ಲಿ 524.256 ಮೀಟರಿನ ಮಾತು. 2010ರಲ್ಲಿ ನದಿನೀರು ಹಂಚಿಕೆಯ ನ್ಯಾಯಾಧಿಕರಣ ಒಪ್ಪಿದ ಎತ್ತರ ಅದು. ಅಷ್ಟು ನಿಲ್ಲಿಸಿದರೆ ಇನ್ನಷ್ಟು ಊರು, ಇನ್ನಷ್ಟು ಎರೆಹೊಲ ನೀರಿಗೆ ಹೋಗುತ್ತವೆ. ಚಹಾದಂಗಡಿಯಲ್ಲಿ ಎಕರೆಗೆ ಎಷ್ಟು ಬರುತ್ತದೆ ಎಂಬ ಲೆಕ್ಕ ನಡೆದಿದೆ. ಕಡಲಕ್ಕಿಗೆ ತೊಂದರೆಯಿಲ್ಲ, ಅದಕ್ಕೆ ಇನ್ನೂ ಅಗಲ ಸಿಗುತ್ತದೆ.

ಹೊಳಿ ಹಕ್ಕಿ ಪೂರ್ತಿ ಹೋಗಿಲ್ಲ. ಬ್ಯಾರೇಜುಗಳ ನಡುವೆ, ಉಸುಕು ತೋಡುವವರು ಬಿಟ್ಟ ಪುಡಿ ನಡುಗಡ್ಡೆಗಳಲ್ಲಿ, ಯುಗಾದಿಯ ಹೊತ್ತಿಗೆ ಈಗಲೂ ನಾಲ್ಕಾರು ಜೋಡಿ ಕೂರುತ್ತವೆ. ಜಗತ್ತಿನ ಲೆಕ್ಕದಲ್ಲಿ ಅದು ಅಪಾಯದಂಚಿನ ಹಕ್ಕಿ. ಅದೇ ಹೊತ್ತಿಗೆ ನಮ್ಮ ಕಡೆ ಹೊಳೆ ಬತ್ತಿ, ಕೊಯ್ನಾದಿಂದ ನೀರು ಬಿಡಿಸಿರೆಂದು ಮನವಿ, ಧರಣಿ ಶುರುವಾಗುತ್ತವೆ. ಮಹಾರಾಷ್ಟ್ರದವರು ಬಿಟ್ಟರೆ ನೀರು ರಾತ್ರೋರಾತ್ರಿ ಬರುತ್ತದೆ, ನಡುಗಡ್ಡೆಯ ತತ್ತಿ ತೇಲಿಹೋಗುತ್ತದೆ. ಬೆಳಗ್ಗೆ ನಾವು ದಂಡೆಗೆ ಹೋಗಿ ಕಾಯಿ ಒಡೆದು, ಕುಂಕುಮ ಚೆಲ್ಲಿ, ಮೋಟಾರು ಚಾಲು ಮಾಡುತ್ತೇವೆ. ದಂಡೆಯಲ್ಲಿ ಸಾಲಾಗಿ ಇಟ್ಟಿರುವ ಮೋಟಾರುಗಳಲ್ಲಿ ಐದು ಎಚ್‌ಪಿಯದೊಂದು ನನ್ನದು.