ದಿಂಡಿನೊಳಗಿದ್ದ ಗೊನೆ

ಕಲಬುರಗಿಯ ಕೋಟೆಯ ಬಳಿ ನಮ್ಮ ಮನೆ. ಹಿತ್ತಲೆಂದರೆ ನಾಲ್ಕು ಮಂಚ ಹಾಸುವಷ್ಟು ಜಾಗ. ಹೀಗಾಗಿ, ಫಲ ಕೊಡದ ಗಿಡಕ್ಕೆ ಇಲ್ಲಿ ಎಡೆಯಿಲ್ಲ ಎಂಬುದು ನನ್ನ ನಿಯಮವಾಗಿತ್ತು. ವಿಜ್ಞಾನದ ಮಾಸ್ತರನಲ್ಲವೆ, ಗಿಡದ ಮೇಲೆ ಮೋಹ ಸಲ್ಲದು!

ಪಪ್ಪಾಯಿಯ ವಿಷಯದಲ್ಲಿ ಈ ನಿಯಮ ಸರಿಹೋಯಿತು. ಆರು ತಿಂಗಳಿಗೆ ಉದ್ದನೆಯ ತೊಟ್ಟುಗಳಲ್ಲಿ ಹೂಗೊಂಚಲು ಇಳಿಬಿಟ್ಟಿತು. ಗಂಡು ಗಿಡ. ಕಾಯಿಯ ಆಸೆ ಇಟ್ಟುಕೊಳ್ಳುವಂತಿರಲಿಲ್ಲ; ಕಿತ್ತೆ. ದಾಸವಾಳದ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸಿರು ಉಳಿದವು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಅದನ್ನು ಎಬ್ಬಿಸಿ, ಗೊಬ್ಬರ ಬೆರೆಸಿದ ಕೆಮ್ಮಣ್ಣಿನ ಕುಂಡದಲ್ಲಿಟ್ಟು ಪರಿಚಯದವರಿಗೆ ಕೊಟ್ಟೆ. ಈಗ ಅವರ ಮನೆಯ ದೇವರಿಗೆ ದಿನಾ ಅದರದೇ ಹೂವು. ನಮ್ಮ ಮನೆಯಾಕೆ ಆ ದಾರಿಯಲ್ಲಿ ಹೋದಾಗಲೆಲ್ಲ ಒಮ್ಮೆ ನಿಟ್ಟುಸಿರು ಬಿಡುತ್ತಾಳೆ.

ಬಾಳೆಯದು ಬೇರೆ ಕಥೆ. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ಕೆಂಪು ಬಾಳೆ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ತಳಿ. ಅಲ್ಲಿನ ರೈತರೊಬ್ಬರು ಕಂದು ಕೊಡುವಾಗ, "ಇದು ತಡಾ ಮಾಡ್ತದ ನೋಡ್ರಿ ಮಾಸ್ತರ, ಹಣ್ಣಿಗೆ ಒಂದೂವರಿ ವರ್ಷ ಬೇಕು" ಎಂದಿದ್ದರು. ತಲೆಯಾಡಿಸಿ ತಂದೆ, ಮರೆತೆ. ಪಕ್ಕದ ಮನೆಯ ಸಾಮಾನ್ಯ ಬಾಳೆ ವರ್ಷದಲ್ಲೇ ಗೊನೆ ಕೊಟ್ಟಿತು. ನಮ್ಮದು ಹದಿನಾಲ್ಕು ತಿಂಗಳಾದರೂ ಎಲೆ ಮೇಲೆ ಎಲೆ, ಅಷ್ಟೆ. ಒಂದು ಭಾನುವಾರ ಕುಡುಗೋಲು ತೆಗೆದುಕೊಂಡೆ.

ಬುಡ ಕಡಿದಾಗಲೇ ಎದೆ ಝಲ್ಲೆಂದಿತು. ನಡುವೆ ಬೆಳ್ಳಗಿನ ದಿಂಡು! ನಾವು ಬಾಳೆಯ ಕಾಂಡವೆನ್ನುವುದು ನಿಜವಾಗಿ ಎಲೆಯ ಬುಡಗಳ ಸುರುಳಿ. ಹೂ ಬಿಡುವ ಕಾಲ ಬಂದಾಗಲಷ್ಟೇ ಅದರ ನಡುವೆ ದಿಂಡು ಮೇಲೇರುತ್ತದೆ. ಪದರು ಬಿಡಿಸುತ್ತ ಹೋದೆ. ಕುತ್ತಿಗೆಯ ಹತ್ತಿರ ಎಳೆಯ ಹೂಮೊಗ್ಗು, ಅದರೊಳಗೆ ಬೆರಳುಗುರಿನಷ್ಟು ಕಾಯಿಗಳ ಸಾಲು.

ಮರುದಿನ ಅದನ್ನು ಒಂಬತ್ತನೇ ತರಗತಿಗೆ ಒಯ್ದು ತೋರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸರ, ಒಳಗ ಗೊನಿ ಅದ ಅಂತ ಹೊರಗಿಂದ ತಿಳೀತದೇನ್ರಿ?"

"ತಿಳೀತದ. ಹೂವಿಗೆ ಮೊದಲು ಬರುವ ಕೊನೆಯ ಎಲೆ ಚಿಕ್ಕದಿರ್ತದ."

"ನೀವು ನೋಡಿದ್ರೇನ್ರಿ ಸರ?"

ನೋಡಿರಲಿಲ್ಲ. ಹಾಗೆಂದೇ ಹೇಳಿದೆ. ತರಗತಿ ನಕ್ಕಿತು, ಅವನು ನಗಲಿಲ್ಲ. ಹಿಂದಿನ ವಾರವಷ್ಟೇ ಅವನ ತಂದೆಗೆ, "ಇವನಿಗೆ ಓದು ಹತ್ತುವುದಿಲ್ಲ, ಅಂಗಡಿಯಲ್ಲಿ ಕೂಡಿಸಿಕೊಳ್ಳಿ" ಎಂದಿದ್ದವನು ನಾನೇ. ಅಂದು ಸಂಜೆ ಆ ಅಂಗಡಿಗೆ ಹೋಗಿ, ನನ್ನ ಮಾತನ್ನು ಹಿಂದಕ್ಕೆ ಪಡೆದು, ಒಂದು ಕಪ್ ಚಹಾ ಕುಡಿದು ಬಂದೆ. ಹುಡುಗ ಈಗ ಹತ್ತನೆಯಲ್ಲಿದ್ದಾನೆ. ಗಣಿತದಲ್ಲಿ ಇನ್ನೂ ಹಿಂದೆಯೇ.

ಕಡಿದ ಬಾಳೆಯ ಬುಡದಲ್ಲಿ ಉಳಿದಿದ್ದ ಕಂದಿಗೆ ಹನ್ನೊಂದು ತಿಂಗಳಾಯಿತು. ಕುಡುಗೋಲು ಮನೆಯಾಕೆಯ ಸುಪರ್ದಿನಲ್ಲಿದೆ.